ಸಣ್ಣ ತೂತಿನ ದೊಡ್ಡ ಆಪರೇಷನ್

ನನ್ನ ಹೊಟ್ಟೆಯ ಎಡಗಡೆ ಮೂರು ಸಣ್ಣ ಕಲೆಗಳಿವೆ. ಕಿಬ್ಬೊಟ್ಟೆಯಲ್ಲಿ, ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಕೆಳಗೆ, ನಾಲ್ಕು ಬೆರಳಗಲದ ಒಂದು ಅಡ್ಡ ಗೆರೆ. ಅಷ್ಟೇ. ಕಿಡ್ನಿ ಕೊಟ್ಟವಳು ಅಂತ ಗೊತ್ತಾದರೆ ನಮ್ಮ ಕಡೆಯ ಹೆಂಗಸರು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸು ಅಂತಾರೆ. ನೋಡಿದ ಮೇಲೆ, "ಅಯ್ಯ, ಇಷ್ಟ ಏನ? ಇದಕ್ಕ ಅಷ್ಟ ಹೆದರಿದ್ವಲ್ಲ!" ಅಂತಾರೆ. ಅವರ ಮಾತಲ್ಲಿ ಅರ್ಧ ನಿಜ ಇದೆ. ಇನ್ನರ್ಧ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಬೈಲಹೊಂಗಲ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ವಯಸ್ಸು 46. ತಮ್ಮ ನನಗಿಂತ ಐದು ವರ್ಷ ಚಿಕ್ಕವನು, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕಬ್ಬಿಗೆ ನೀರು ಹಾಯಿಸುವ ಹೊತ್ತಲ್ಲಿ ಮೋಟರ್ ಸುಟ್ಟರೆ ಸುತ್ತಲಿನ ಹಳ್ಳಿಯವರಿಗೆಲ್ಲ ಅವನೇ ಬೇಕು. ಅವನಿಗೆ ಬಿಪಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ತಲೆ ನೋಯ್ತು ಅಂದರೆ ಔಷಧಿ ಅಂಗಡಿಯಿಂದ ಒಂದು ನೋವಿನ ಗುಳಿಗೆ, ಮುಗೀತು. ಕಾಲು ಬಾತು, ಊಟ ಕಂಡರೆ ವಾಕರಿಕೆ ಬರತೊಡಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಕಿಡ್ನಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ 9 ದಾಟಿತ್ತು. ಸ್ಕ್ಯಾನಿಂಗಿನಲ್ಲಿ ಎರಡೂ ಕಿಡ್ನಿ ಸುಕ್ಕುಗಟ್ಟಿ ಸಣ್ಣದಾಗಿದ್ದವು. ಹಾಗೆ ಸುಕ್ಕಾದ ಕಿಡ್ನಿ ಗುಳಿಗೆಯಿಂದ ಮತ್ತೆ ಸರಿಹೋಗುವುದಿಲ್ಲ.

ಡಯಾಲಿಸಿಸ್ ಶುರುವಾಯಿತು. ಪ್ರತಿ ಸಲ ನಾಲ್ಕು ತಾಸು. ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದರು. ಮುಟ್ಟಿದರೆ ಒಳಗೆ ಜುಂ ಅನ್ನುತ್ತಿತ್ತು. ನೀರು ಅಳೆದು ಕುಡಿಯಬೇಕು, ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ. ಬೇಸಿಗೆಯಲ್ಲಿ ಅವನು ಐಸ್ ತುಂಡು ಬಾಯಲ್ಲಿಟ್ಟುಕೊಂಡು ಕೂತಿದ್ದನ್ನು ನೋಡಿ ಕಿಡ್ನಿ ಕೊಡುವ ನಿರ್ಧಾರ ಮಾಡಿದೆ ಅಂದರೆ ಕಥೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ, ಬೇರೆ ಯಾರೂ ಉಳಿದಿರಲಿಲ್ಲ.

ಅಪ್ಪ ಇಲ್ಲ. ಅವ್ವನಿಗೆ ಶುಗರ್. ತಮ್ಮನ ಹೆಂಡತಿ ಎಲ್ಲರಿಗಿಂತ ಮೊದಲು ಮುಂದೆ ಬಂದಳು, ಆದರೆ ಅವಳ ರಕ್ತದ ಗುಂಪು ಬಿ, ಇವನದು ಓ. ಗುಂಪು ಹೊಂದದಿದ್ದರೂ ಕಸಿ ಮಾಡುವ ದಾರಿ ಇದೆ. ಇದೇ ತೊಂದರೆ ಇರುವ ಇನ್ನೊಂದು ಜೋಡಿಯ ಜೊತೆ ಅದಲುಬದಲು ಮಾಡಿಕೊಳ್ಳಲಿಕ್ಕೂ ಕಾನೂನು ಬಿಡುತ್ತದೆ. ಮನೆಯಲ್ಲೇ ಓ ಗುಂಪಿನವರಿದ್ದರೆ ಮೊದಲು ಅವರನ್ನು ನೋಡೋಣ ಅಂದರು ಡಾಕ್ಟರು. ಹಾಗೆ ಇದ್ದವರು ನಾನು ಮತ್ತು ನಮ್ಮ ದೊಡ್ಡಣ್ಣ. ದೊಡ್ಡಣ್ಣ ಫೋನ್ ಎತ್ತುವುದನ್ನು ಕಡಿಮೆ ಮಾಡಿದ. ನನಗೆ ಅವನ ಮೇಲೆ ಸಿಟ್ಟಿಲ್ಲ. ಕೊಡಲ್ಲ ಅನ್ನುವ ಹಕ್ಕು ಅವನಿಗೂ ಇದೆ. ಆದರೆ ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಕಿಡ್ನಿ ಕೊಟ್ಟವರಲ್ಲಿ ಹೆಂಗಸರೇ ಯಾಕೆ ಜಾಸ್ತಿ ಅಂತ ಯಾರಾದರೂ ಕೇಳಿದರೆ, ನಮ್ಮ ಮನೆಗೆ ಬಂದು ನೋಡಿ ಅಂತೀನಿ.

ನಮ್ಮ ಅತ್ತೆ ಮಾತ್ರ ನೇರವಾಗಿ ಕೇಳಿದರು. "ನಾಳೆ ನಿನಗ ಏನರ ಆದ್ರ ಯಾರ ನೋಡ್ತಾರ? ನಿನ್ನ ಮಕ್ಕಳಿಗೆ ಬೇಕಾದ್ರ ಎಲ್ಲಿಂದ ತರ್ತಿ?" ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನೇ ತೆಗೆದುಕೊಂಡು ಹೋಗಿ ಬೆಳಗಾವಿಯ ಕಿಡ್ನಿ ಡಾಕ್ಟರ ಮುಂದೆ ಇಟ್ಟೆ.

ಅವರು ಸುಮ್ನೆ ಧೈರ್ಯ ಹೇಳಲಿಲ್ಲ, ಲೆಕ್ಕ ಹೇಳಿದರು. ಅಮೆರಿಕದಲ್ಲಿ 80,000ಕ್ಕೂ ಹೆಚ್ಚು ದಾನಿಗಳನ್ನು ನೋಡಿ 2010ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಆಪರೇಷನ್ ಆಗಿ ಮೂರು ತಿಂಗಳೊಳಗೆ ಸತ್ತವರು 10,000ಕ್ಕೆ ಸುಮಾರು 3. ಈಚಿನ ವರ್ಷಗಳಲ್ಲಿ ಅದು 1ರ ಹತ್ತಿರ ಇಳಿದಿದೆ. ಇನ್ನೊಂದು ಲೆಕ್ಕ: ಕಿಡ್ನಿ ಕೊಟ್ಟ 15 ವರ್ಷದೊಳಗೆ ದಾನಿಗೇ ಕಿಡ್ನಿ ಫೇಲ್ ಆಗುವುದು 10,000ಕ್ಕೆ ಸುಮಾರು 31. ಅಷ್ಟೇ ಆರೋಗ್ಯವಂತರು ಕೊಡದೇ ಇದ್ದಿದ್ದರೆ ಸುಮಾರು 4. "ಸೊನ್ನೆ ಅಲ್ರಿ ಟೀಚರ. ಭಾಳ ಸಣ್ಣದು, ಆದ್ರ ಸೊನ್ನೆ ಅಲ್ಲ" ಅಂದರು. ಈ ಮಾತು ಕೇಳಿದ ಮೇಲೆ ನನಗೆ ಅವರ ಮೇಲೆ ನಂಬಿಕೆ ಬಂತು. ಏನೂ ಆಗಲ್ಲ ಅಂದಿದ್ದರೆ ಬಹುಶಃ ಎದ್ದು ಬರುತ್ತಿದ್ದೆ.

ಪರೀಕ್ಷೆಗಳದೇ ಒಂದು ಜಾತ್ರೆ. ರಕ್ತ, ಮೂತ್ರ, ಎಕ್ಸ್‌ರೇ, ಇಸಿಜಿ, ಎಕೋ, ಎಚ್‌ಐವಿ, ಕಾಮಾಲೆಯ ಎರಡು ಬಗೆ, ಶುಗರ್. ನನ್ನ ವಯಸ್ಸಿನ ಹೆಂಗಸಿಗೆ ಅಂತ ಎದೆಯ ಮ್ಯಾಮೊಗ್ರಾಂ, ಗರ್ಭಕೋಶದ ಬಾಯಿಯ ಪ್ಯಾಪ್ ಪರೀಕ್ಷೆ. ಅಂಗಾಂಶ ಹೊಂದಾಣಿಕೆ ನೋಡುವ ಎಚ್‌ಎಲ್‌ಎ. ಕ್ರಾಸ್‌ಮ್ಯಾಚ್ ಅಂದರೆ ನನ್ನ ಕಣಗಳನ್ನು ತಮ್ಮನ ರಕ್ತದ ಜೊತೆ ಸೇರಿಸಿ ಜಗಳ ಆಗುತ್ತದೋ ನೋಡುವುದು. ಜಗಳ ಆಗಲಿಲ್ಲ. ಚಿಕ್ಕವರಿದ್ದಾಗ ಆಡಿದ ಜಗಳಕ್ಕೆ ಇದು ಪರಿಹಾರ ಅಂತ ಅವನು ನಕ್ಕ.

24 ತಾಸಿನ ಮೂತ್ರ ಪರೀಕ್ಷೆ ಇದೆಯಲ್ಲ, ಅದು ಹೆಂಗಸರಿಗೆ ತಮಾಷೆಯಲ್ಲ. ಐದು ಲೀಟರಿನ ಕ್ಯಾನ್ ಕೊಡುತ್ತಾರೆ. ಬೆಳಿಗ್ಗೆ ಎದ್ದು ಮಾಡಿದ ಮೊದಲನೆಯದನ್ನು ಬಿಟ್ಟು, ಮರುದಿನ ಬೆಳಿಗ್ಗೆಯ ಮೊದಲನೆಯದರ ತನಕ ಒಂದು ಹನಿ ಬಿಡದೆ ಹಿಡಿಯಬೇಕು. ಶಾಲೆ ಇದ್ದ ದಿನ ಆಗುವ ಕೆಲಸವಲ್ಲ. ಭಾನುವಾರ ಮನೆಯಲ್ಲೇ ಕೂತು ಹಿಡಿದೆ. ಒಂದು ಲ್ಯಾಬಿನವರು ಆ ಕ್ಯಾನಿನ ಮೇಲೆ ಬೇರೆಯವರ ಹೆಸರು ಬರೆದು ಎಲ್ಲ ಹಾಳು ಮಾಡಿದರು, ಮತ್ತೊಂದು ಭಾನುವಾರ ಹೋಯ್ತು.

ಡಿಟಿಪಿಎ ಸ್ಕ್ಯಾನಿನಲ್ಲಿ ಎರಡು ಕಿಡ್ನಿ ಎಷ್ಟೆಷ್ಟು ಕೆಲಸ ಮಾಡುತ್ತವೆ ಅಂತ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ನನ್ನದು ನೂರರಲ್ಲಿ ಬಲ 52, ಎಡ 48. ಇಲ್ಲಿ ಒಂದು ನಿಯಮ ಇದೆ, ನನಗೆ ಬಹಳ ಹಿಡಿಸಿತು: ಎರಡರಲ್ಲಿ ಚೆನ್ನಾಗಿರುವುದು ದಾನಿಯ ಹತ್ತಿರವೇ ಉಳಿಯಬೇಕು. ಆಮೇಲೆ ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್. ಕೈಗೆ ಬಣ್ಣದ ಔಷಧಿ ಚುಚ್ಚಿದಾಗ ಮೈಯೆಲ್ಲ ಬಿಸಿಯಾಗಿ, ಬಟ್ಟೆಯಲ್ಲೇ ಮೂತ್ರ ಹೋಯ್ತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ, ಗಾಬರಿ ಬೇಡ. ಅದರಲ್ಲಿ ನನ್ನ ಎಡ ಕಿಡ್ನಿಗೆ ರಕ್ತ ತರುವ ನಾಳ ಎರಡಿವೆ ಅಂತ ಕಂಡಿತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಿರುತ್ತದಂತೆ.

ಕಾಗದಪತ್ರದ ಕಥೆ ಬೇರೆ. 1994ರ ಅಂಗಾಂಗ ಕಸಿ ಕಾಯ್ದೆ, ಅದರ 2011ರ ತಿದ್ದುಪಡಿ, 2014ರ ನಿಯಮಗಳು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಕಾಕಾನ ಮಗ, ಗೆಳೆಯ ಅಂದರೆ ಒಪ್ಪಿಗೆ ಸಮಿತಿಯ ಮುಂದೆ ಹೋಗಬೇಕು. ನಾವು ಹೇಗೂ ಅಕ್ಕ ತಮ್ಮ, ಸಲೀಸು ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇದೆಯಲ್ಲ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು, ಅಡ್ಡಹೆಸರು ಎರಡರಲ್ಲೂ ಬೇರೆ. ಇವಳೇ ಅವಳು ಅಂತ ತೋರಿಸಲು ಅಫಿಡವಿಟ್, ವಂಶಾವಳಿ, ಅವ್ವ ಟ್ರಂಕಿನ ತಳದಿಂದ ತೆಗೆದುಕೊಟ್ಟ ಹಳೆಯ ಫೋಟೊ. ಕೊಡುವ ಮನಸ್ಸಿದ್ದವರು ಮೊದಲು ಹೆಸರುಗಳನ್ನು ಸರಿ ಮಾಡಿಸಿಕೊಳ್ಳಿ. ಪರೀಕ್ಷೆಗಿಂತ ಇದಕ್ಕೇ ಹೊತ್ತು ಹಿಡಿಯುತ್ತದೆ.

ಸಂದರ್ಶನ ವಿಡಿಯೊ ಆಗುತ್ತದೆ. ದಾನಿ ಹೆಂಗಸಾದರೆ ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು, ಅವಳ ಸ್ವಂತ ಒಪ್ಪಿಗೆಯನ್ನು ಬೇರೆಯವರಿಂದ ಖಚಿತ ಮಾಡಿಕೊಳ್ಳಬೇಕು ಅಂತ 2014ರ ನಿಯಮದಲ್ಲೇ ಇದೆ. ನನ್ನನ್ನು ಒಬ್ಬಳನ್ನೇ ಕೂರಿಸಿ ಒಬ್ಬ ಮೇಡಂ ಕೇಳಿದರು. ಯಾರಾದರೂ ದುಡ್ಡು ಕೊಡ್ತೀನಿ ಅಂದಿದ್ದಾರಾ? ತವರಿನವರು ಒತ್ತಾಯ ಮಾಡಿದ್ದಾರಾ? ಕೊನೆಗೆ ದನಿ ತಗ್ಗಿಸಿ, "ಮನಸ್ಸಿಲ್ಲ ಅಂದ್ರ ನನಗಷ್ಟ ಹೇಳ್ರಿ. ಯಾವುದೋ ಟೆಸ್ಟ್ ಸರಿ ಬರಲಿಲ್ಲ ಅಂತ ನಾವ ಹೊರಗ ಹೇಳ್ತೇವಿ, ನಿಮ್ಮ ಹೆಸರ ಬರೂದಿಲ್ಲ" ಅಂದರು. ಹೀಗೊಂದು ಬಾಗಿಲು ಇರುತ್ತದೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಆ ಬಾಗಿಲಿಂದ ಹೋಗಲಿಲ್ಲ. ಆದರೆ ಅದು ಇದೆ ಅಂತ ಗೊತ್ತಾದ ಮೇಲೆ ಹೂಂ ಅಂದದ್ದು ಪೂರ್ತಿ ನನ್ನದಾಯಿತು.

ಆಮೇಲೆ ಸರ್ಜನ್ನರ ಭೇಟಿ. ನನ್ನ ತಲೆಯಲ್ಲಿದ್ದದ್ದು ಕಿತ್ತೂರು ಕಡೆಯ ನಮ್ಮ ಒಬ್ಬ ಕಾಕಾ. ಅವರು ಬಹಳ ಹಿಂದೆ ಮಗನಿಗೆ ಕಿಡ್ನಿ ಕೊಟ್ಟಿದ್ದರು, ಹಳೆಯ ಪದ್ಧತಿಯಲ್ಲಿ. ಬೆನ್ನಿನಿಂದ ಪಕ್ಕೆಲುಬಿನ ಕೆಳಗೆ ಹಾದು ಹೊಟ್ಟೆಯ ತನಕ ಗೇಣುದ್ದದ ಕೊಯ್ತ. ದಾರಿ ಮಾಡಿಕೊಳ್ಳಲು ಕೊನೆಯ ಪಕ್ಕೆಲುಬಿನ ತುಂಡನ್ನೂ ತೆಗೆದಿದ್ದರು. ಇವತ್ತಿಗೂ ಅವರ ಆ ಮಗ್ಗುಲು ಉಬ್ಬಿಕೊಂಡಿದೆ, ಚಳಿಗಾಲದಲ್ಲಿ ಎಳೆಯುತ್ತದೆ. ಕಿಡ್ನಿ ಕೊಡುವುದೆಂದರೆ ಅದೇ ಅಂತ ನಾವೆಲ್ಲ ತಿಳಿದಿದ್ದೆವು.

ಸರ್ಜನ್ ಒಂದು ಕಾಗದ ತಿರುಗಿಸಿ ಚಿತ್ರ ಬರೆದರು. ಲ್ಯಾಪ್ರೊಸ್ಕೋಪಿಯಿಂದ ದಾನಿಯ ಕಿಡ್ನಿ ತೆಗೆದದ್ದು ಮೊದಲು 1995ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಅಲ್ಲಿಂದ ಇದೇ ಎಲ್ಲ ಕಡೆ ರೂಢಿಯಾಯಿತು. ಮಗ್ಗುಲಾಗಿ ಮಲಗಿಸುತ್ತಾರೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಅರ್ಧದಿಂದ ಒಂದೂಕಾಲು ಸೆಂಟಿಮೀಟರಿನ ಮೂರ್ನಾಲ್ಕು ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣ. ದೊಡ್ಡ ಕರುಳನ್ನು ಸರಿಸಿ ಕಿಡ್ನಿಯನ್ನು ಸುತ್ತಲೂ ಬಿಡಿಸುತ್ತಾರೆ. ಮೂತ್ರನಾಳವನ್ನು ಬೋಳು ಮಾಡಬಾರದು. ಸುತ್ತ ಇರುವ ಕೊಬ್ಬಿನ ಸಮೇತ ಬಿಡಿಸಬೇಕು, ಇಲ್ಲದಿದ್ದರೆ ಅದಕ್ಕೆ ರಕ್ತ ಸಿಗದೆ ತಮ್ಮನ ಹೊಟ್ಟೆಯಲ್ಲಿ ಸೋರುತ್ತದೆ. ಕೊನೆಗೆ ಕಿಬ್ಬೊಟ್ಟೆಯಲ್ಲಿ ಅಡ್ಡ ಕೊಯ್ದು, ಸಿಸೇರಿಯನ್ನಿಗೆ ಕೊಯ್ಯುವ ಕಡೆಯೇ, ಕಿಡ್ನಿ ಹೊರಗೆ ತರುವ ದಾರಿ ಮಾಡಿಟ್ಟುಕೊಂಡು ಆಮೇಲೆ ರಕ್ತನಾಳ ಮುಚ್ಚಿ ಕತ್ತರಿಸುತ್ತಾರೆ. ಅಲ್ಲಿಂದ ಗಡಿಬಿಡಿ. ರಕ್ತ ನಿಂತ ಕಿಡ್ನಿಯನ್ನು ಕೆಲವೇ ನಿಮಿಷದಲ್ಲಿ ಹೊರತಂದು, ಐಸಿನಲ್ಲಿಟ್ಟು, ತಣ್ಣನೆಯ ದ್ರಾವಣದಿಂದ ತೊಳೆಯಬೇಕು.

ನನಗೆ ಎರಡು ಹೆರಿಗೆಯೂ ಮನೆಯ ಹತ್ತಿರದ ಆಸ್ಪತ್ರೆಯಲ್ಲೇ ಸಹಜವಾಗಿ ಆಗಿದ್ದವು, ಹಾಗಾಗಿ ಆ ಜಾಗದಲ್ಲಿ ಹಳೆಯ ಹೊಲಿಗೆ ಇರಲಿಲ್ಲ. ಅದನ್ನು ಕೇಳಿ ಸರ್ಜನ್ ಖುಷಿಪಟ್ಟರು.

ಎರಡು ರಕ್ತನಾಳ ಇರುವ ಎಡಗಡೆಯದೇ ಯಾಕೆ ಅಂತ ಕೇಳಿದೆ. ಎಡ ಕಿಡ್ನಿಯಿಂದ ರಕ್ತ ಹೊರಗೆ ಒಯ್ಯುವ ನಾಳ ಉದ್ದ, ಬಲಗಡೆಯದು ಗಿಡ್ಡ. ಉದ್ದ ಇದ್ದಷ್ಟೂ ತಮ್ಮನ ಹೊಟ್ಟೆಯಲ್ಲಿ ಹೊಲಿಯುವುದು ಸಲೀಸು. ಎರಡು ಸಣ್ಣ ನಾಳಗಳನ್ನು ಐಸಿನ ಮೇಲೇ ಜೋಡಿಸಿ ಒಂದು ಮಾಡಿಕೊಳ್ಳಬಹುದು. ಮತ್ತೆ, ಚೂರು ಜಾಸ್ತಿ ಕೆಲಸ ಮಾಡುವ ಬಲಗಡೆಯದು ನನಗೇ ಉಳಿಯುತ್ತದೆ.

ಇಂಜಿನಿಯರಿಂಗ್ ಓದುವ ನನ್ನ ಮಗ ಅಲ್ಲಿ ಇಲ್ಲಿ ಓದಿಕೊಂಡು ಬಂದಿದ್ದ. "ಸರ್, ಆರ್ಟರಿಗೆ ಸ್ಟೇಪ್ಲರ್ ಹಾಕ್ತೀರೋ, ಪ್ಲಾಸ್ಟಿಕ್ ಕ್ಲಿಪ್ಪೋ?" ಅಂದ. ನನಗೆ ಮುಜುಗರವಾಯಿತು. ಸರ್ಜನ್ನರಿಗೆ ಆಗಲಿಲ್ಲ. ಲಾಕ್ ಆಗುವ ಒಂದು ಬಗೆಯ ಪ್ಲಾಸ್ಟಿಕ್ ಕ್ಲಿಪ್ ಜಾರಿ ದಾನಿಗಳು ಸತ್ತದ್ದರಿಂದ, ದಾನಿಯ ಕಿಡ್ನಿಗೆ ರಕ್ತ ತರುವ ಆರ್ಟರಿಗೆ ಅದನ್ನು ಬಳಸಬಾರದು ಅಂತ ಅಮೆರಿಕದಲ್ಲಿ 2006ರಲ್ಲೇ ಎಚ್ಚರಿಕೆ ಬಂದಿತ್ತು. ತಾವು ಸ್ಟೇಪ್ಲರ್ ಬಳಸುತ್ತೇವೆ, ಅದು ಒಂದೇ ಸಲದ್ದು, ಬಿಲ್ಲಿನಲ್ಲಿ ಕಾಣುತ್ತದೆ ಅಂದರು. ರೋಬೋಟ್ ಇದೆಯಾ ಅಂತಲೂ ಇವನು ಕೇಳಿದ. ತೂತು ಅವೇ, ಸರ್ಜನ್ ದೂರ ಕೂತು ಯಂತ್ರದ ಕೈ ಆಡಿಸುತ್ತಾರೆ, ಖರ್ಚು ಜಾಸ್ತಿ, ದಾನಿಗೆ ಅದರಿಂದ ಆಗುವ ಲಾಭ ಅಂಥ ದೊಡ್ಡದಲ್ಲ ಅಂತ ಉತ್ತರ ಬಂತು. ಆಮೇಲೆ ಅವರೇ ಒಂದು ಮಾತು ಸೇರಿಸಿದರು: ರಕ್ತ ಹೆಚ್ಚು ಹೋದರೆ ಅಲ್ಲೇ ಹೊಟ್ಟೆ ತೆರೆಯುತ್ತೇವೆ, ಅದಕ್ಕೂ ಈಗಲೇ ಸಹಿ ಬೇಕು. "ಹೊರಗ ಸಣ್ಣ ತೂತ ಕಾಣ್ತಾವು ಅಂತ ಒಳಗ ಸಣ್ಣ ಕೆಲಸ ಅಂತ ತಿಳ್ಕೋಬ್ಯಾಡ್ರಿ. ಹಳೆ ಪದ್ಧತಿಯೊಳಗ ಏನ್ ತಗೀತಿದ್ವಿ, ಈಗೂ ಅದನ್ನ ತಗಿಯೂದು."

ಅವ್ವನಿಗೆ ಮಾತ್ರ ಇದ್ಯಾವುದೂ ತಲೆಗೆ ಹೋಗಲಿಲ್ಲ. ಅವಳಿಗೆ ನನ್ನ ಮಗ ಹೇಳಿದ ಒಂದು ಕಥೆ ಸಾಕಾಯಿತು. 1954ರಲ್ಲಿ ಬೋಸ್ಟನ್ನಿನಲ್ಲಿ ಮೊದಲ ಸಲ ಕಿಡ್ನಿ ಕಸಿ ಗೆದ್ದಾಗ ಕೊಟ್ಟವನು ಅವಳಿ ಸಹೋದರ ರೊನಾಲ್ಡ್ ಹೆರಿಕ್. ತೆಗೆದುಕೊಂಡ ರಿಚರ್ಡ್ ಇನ್ನೂ ಎಂಟು ವರ್ಷ ಬಾಳಿದ. ಕೊಟ್ಟ ರೊನಾಲ್ಡ್ ಒಂದೇ ಕಿಡ್ನಿಯಲ್ಲಿ 2010ರ ತನಕ ಇದ್ದ. "ಹಂಗಾರ ಕೊಟ್ಟಾವನ ಭಾಳ ದಿನಾ ಬದುಕಿದ" ಅಂದಳು ಅವ್ವ. ಅಷ್ಟಕ್ಕೆ ಸಮಾಧಾನ. ಹಿಂದಿನ ದಿನ ಸವದತ್ತಿ ಯಲ್ಲಮ್ಮನ ಭಂಡಾರ ಇಬ್ಬರ ಹಣೆಗೂ ಹಚ್ಚಿದಳು.

ಆಪರೇಷನ್ ಬಗ್ಗೆ ನಾನು ಹೇಳುವಂಥದ್ದು ಏನೂ ಇಲ್ಲ. ಮಾಸ್ಕ್ ಹಾಕಿದರು, ಎಚ್ಚರ ತಪ್ಪಿತು. ಎದ್ದಾಗ ಮೊದಲು ಕೇಳಿದ ಮಾತು, ತಮ್ಮನಿಗೆ ಟೇಬಲ್ಲಿನ ಮೇಲೇ ಮೂತ್ರ ಬಂತು ಅಂತ. ಕಸಿ ಮಾಡಿದ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಬಲಗಡೆ ಕೆಳಹೊಟ್ಟೆಯಲ್ಲಿಟ್ಟು ಅಲ್ಲಿನ ರಕ್ತನಾಳಕ್ಕೆ ಜೋಡಿಸುತ್ತಾರೆ. ಹಳೆಯವೆರಡನ್ನೂ ಅಲ್ಲೇ ಬಿಟ್ಟಿದ್ದಾರೆ. ಅವನ ಹೊಟ್ಟೆಯಲ್ಲಿ ಈಗ ಮೂರು.

ನೋವು ನಾನು ಅಂದುಕೊಂಡ ಜಾಗದಲ್ಲಿ ಇರಲಿಲ್ಲ. ಎಡ ಹೆಗಲು! ಹೊಟ್ಟೆಗೆ ಆಪರೇಷನ್, ನೋವು ಹೆಗಲಿಗೆ. ಹೃದಯದ್ದೇನೋ ಅಂತ ಗಾಬರಿಯಾಯಿತು. ಒಳಗೆ ಉಳಿದ ಗ್ಯಾಸ್ ಎದೆ ಹೊಟ್ಟೆಗಳ ನಡುವಿನ ವಪೆಯನ್ನು ಕೆಣಕುತ್ತದೆ, ಆ ನರ ಹೆಗಲಿಗೂ ಹೋಗುತ್ತದೆ ಅಂತ ನರ್ಸ್ ಹೇಳಿದಳು. ನಡೆದಾಡಿದಷ್ಟೂ ಬೇಗ ಹೋಗುತ್ತದೆ. ಮರುದಿನವೇ ಎಬ್ಬಿಸಿ ನಡೆಸಿದರು. ಮೂರು ಗುಂಡಿನ ಉಸಿರಾಟದ ಆಟಿಕೆ ಕೊಟ್ಟು ತಾಸಿಗೊಮ್ಮೆ ಎಳೆಯಿರಿ ಅಂದರು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಪಕ್ಕದ ಹಾಸಿಗೆಯ ಅಜ್ಜಿ ಹೇಳಿಕೊಟ್ಟಳು. "ಗಾಳಿ ಹೋತೇನ್ರಿ?" ಅಂತ ಬಂದವರೆಲ್ಲ ಕೇಳುವರು. ಹೋದ ದಿನ ಗಂಜಿ ಸಿಕ್ಕಿತು. ವಾರ ಕಳೆಯುವ ಮೊದಲೇ ಮನೆಗೆ ಕಳಿಸಿದರು. ಕಾಕಾನಿಗೆ ಹದಿನೈದು ದಿನ ಮಗ್ಗುಲು ತಿರುಗಲಿಕ್ಕೆ ಆಗಿರಲಿಲ್ಲ ಅಂತ ಅವರ ಮನೆಯವರು ಈಗಲೂ ಹೇಳುತ್ತಾರೆ. ಸಣ್ಣ ತೂತಿನ ಲಾಭ ಇಲ್ಲಿದೆ. ನಾನು ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಹೊರಗಿನ ಗಾಯ ಬೇಗ ಒಣಗಿತು. ನೋಡಿದವರಿಗೆ ನಾನು ಹುಷಾರು. ಒಳಗೆ ಮಾತ್ರ ಸುಸ್ತೋ ಸುಸ್ತು. ಸ್ನಾನ ಮಾಡಿ ಬಂದರೆ ಮಲಗಬೇಕು. ಲಂಗದ ಲಾಡಿ ಸರಿಯಾಗಿ ತೂತಿನ ಹೊಲಿಗೆಯ ಮೇಲೇ ಬರುತ್ತಿತ್ತು, ತಿಂಗಳುಗಟ್ಟಲೆ ನೈಟಿಯೇ ಗತಿ. ಐದು ಕಿಲೋಗಿಂತ ಭಾರ ಎತ್ತಬಾರದು ಅಂದಿದ್ದರು. ತುಂಬಿದ ಕೊಡ, ಸಿಲಿಂಡರ್, ಹಿಟ್ಟಿನ ಡಬ್ಬಿ ಯಾವುದೂ ಐದು ಕಿಲೋದೊಳಗೆ ಬರುವುದಿಲ್ಲ. ನೆಲದ ಮೇಲೆ ಕೂತು ಬಗ್ಗಿ ರೊಟ್ಟಿ ಬಡಿಯುವುದಂತೂ ಆಗದ ಮಾತು. ಡಿಸ್‌ಚಾರ್ಜ್ ಕಾಗದದಲ್ಲಿ ಭಾರ ಎತ್ತಬೇಡಿ ಅಂತ ಇರುತ್ತದೆ, ರೊಟ್ಟಿ ಬಡಿಯಬೇಡಿ ಅಂತ ಇರುವುದಿಲ್ಲ. ಕಲೆ ದೊಡ್ಡದಿದ್ದಿದ್ದರೆ ಮನೆಗೆ ಬಂದವರು ನಾನು ಮಾಡಿದ ಚಹಾ ಕುಡಿದು ಹೋಗುತ್ತಿರಲಿಲ್ಲ ಅಂತ ಎಷ್ಟೋ ಸಲ ಅನ್ನಿಸಿದೆ. ಅತ್ತೆಯೇ ಅಡಿಗೆಮನೆ ಹಿಡಿದರು. ಎಲ್ಲರಿಗಿಂತ ಮೊದಲು ಬೇಡ ಅಂದವರು ಅವರೇ, ಎಲ್ಲರಿಗಿಂತ ಜಾಸ್ತಿ ನೋಡಿಕೊಂಡವರೂ ಅವರೇ.

ಮನಸ್ಸಿನ ಮಾತೂ ಇದೆ. ಬಂದವರೆಲ್ಲ ಮೊದಲು ಕೇಳುವುದು ತಮ್ಮನ ಕ್ರಿಯಾಟಿನಿನ್. ಅವನು ಬೆಳಗಾವಿಯಲ್ಲೇ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಸ್ಟೀರಾಯ್ಡ್ ಗುಳಿಗೆ, ಪದೇ ಪದೇ ರಕ್ತ ಪರೀಕ್ಷೆ. ಅವನಿಗೆ ಕಾಳಜಿ ಬೇಕೇ ಬೇಕು. ಆದರೆ ಆಪರೇಷನ್ನಿಗೆ ಹೋಗುವ ಮೊದಲು ಹುಷಾರಾಗಿದ್ದವಳು ನಾನು, ಬಂದ ಮೇಲೆ ಸುಸ್ತಾದವಳೂ ನಾನು. ಅವನದು ತಿರುವುಮುರುವು. ಕಾರಣವಿಲ್ಲದೆ ಅಳು ಬರುವ ಕೆಲವು ವಾರ ಕಳೆದವು. ಚೆಕಪ್ಪಿನಲ್ಲಿ ಹೇಳಿದಾಗ, ದಾನಿಗಳಲ್ಲಿ ಇದು ಹೊಸದಲ್ಲ, ಮೊದಲೇ ಹೇಳಬೇಕಿತ್ತು ಅಂದರು.

ರಜೆಯ ವಿಷಯ. ಅಂಗ ಕೊಟ್ಟ ಕೇಂದ್ರ ಸರ್ಕಾರಿ ನೌಕರರಿಗೆ 2023ರಿಂದ 42 ದಿನ ವಿಶೇಷ ರಜೆ ಇದೆ. ನಾನು ಕೇಂದ್ರದವಳಲ್ಲ, ಗಳಿಕೆ ರಜೆ ಹಾಕಿದೆ. ಕೂಲಿ ಮಾಡುವವರು ಏನು ಹಾಕುತ್ತಾರೆ?

ತಮ್ಮನಿಗೆ ಒಂದು ಚಿಂತೆ ಇತ್ತು. "ಅಕ್ಕಾ, ಎರಡ ಮೋಟರಿನ ಲೋಡ ಒಂದಕ್ಕ ಬಿದ್ರ ಸುಡ್ತೈತಲ್ಲ?" ಅಂತ ತನ್ನ ಭಾಷೆಯಲ್ಲೇ ಕೇಳಿದ. ಡಾಕ್ಟರು ನಕ್ಕರು. ಉಳಿದ ಕಿಡ್ನಿ ಸ್ವಲ್ಪ ದಪ್ಪಗಾಗಿ ಕೆಲಸ ಹೆಚ್ಚಿಸಿಕೊಳ್ಳುತ್ತದೆ. ಎರಡೂ ಸೇರಿ ಮಾಡುತ್ತಿದ್ದ ಕೆಲಸದಲ್ಲಿ ನೂರಕ್ಕೆ 60–70 ಭಾಗಕ್ಕೆ ಬಂದು ನಿಲ್ಲುತ್ತದೆ, ಬದುಕಲು ಅಷ್ಟು ಸಾಕು. ನನ್ನ ಕ್ರಿಯಾಟಿನಿನ್ ಮೊದಲು 0.7 ಇತ್ತು, ಈಗ 1.0. ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಬ್ರೂಫೆನ್, ಡೈಕ್ಲೋಫೆನಾಕ್ ಥರದ ನೋವಿನ ಗುಳಿಗೆ ಮುಟ್ಟುವ ಹಾಗಿಲ್ಲ; ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಅಷ್ಟೇ. ಊರಿನ ಔಷಧಿ ಅಂಗಡಿಯವನಿಗೆ ಇದನ್ನು ಹೇಳಿಟ್ಟಿದ್ದೇನೆ.

ಈಗ ರಾಯಬಾಗದ ಕಡೆಯ ಒಬ್ಬ ಹೆಣ್ಣುಮಗಳು ಫೋನ್ ಮಾಡುತ್ತಾಳೆ. ಗಂಡನಿಗೆ ಕೊಡಬೇಕಂತೆ. "ತೂತಿನ ಆಪರೇಷನ್ ಆದ್ರ ಎಂಟ ದಿನದಾಗ ಎದ್ದ ಓಡ್ಯಾಡಬಹುದಲ್ಲರಿ ಟೀಚರ?" ಅಂದಳು. ಓಡಾಡಬಹುದು, ದುಡಿಯಲಿಕ್ಕೆ ಆಗಲ್ಲ ಅಂದೆ. ಸರ್ಜನ್ನರಿಗೆ ಕೇಳಲು ಪ್ರಶ್ನೆ ಬರೆಸಿದೆ: ಇಂಥವು ಎಷ್ಟು ಮಾಡಿದ್ದೀರಿ, ಯಾವ ಕಡೆಯದು ತೆಗೆಯುತ್ತೀರಿ, ಯಾಕೆ, ಆರ್ಟರಿ ಯಾವುದರಿಂದ ಮುಚ್ಚುತ್ತೀರಿ, ಹೊಟ್ಟೆ ತೆರೆಯುವ ಪ್ರಸಂಗ ಬಂದರೆ ಏನು. ಮನೆಯಲ್ಲಿ ಕೇಳಲಿಕ್ಕೂ ಒಂದು ಬರೆಸಿದೆ: ಗಂಡ ಹೆಂಡತಿ ಇಬ್ಬರೂ ಮಲಗಿದಾಗ ಎರಡು ತಿಂಗಳು ರೊಟ್ಟಿ ಯಾರು ಬಡಿಯುತ್ತಾರೆ? ಅದಕ್ಕೆ ಉತ್ತರ ಸಿಗುವ ತನಕ ತಾರೀಕು ತಗೋಬ್ಯಾಡ ಅಂದಿದ್ದೆ. ನಿನ್ನೆ ಮತ್ತೆ ಫೋನ್ ಮಾಡಿದ್ದಳು. ತವರಿನಿಂದ ತಂಗಿ ಬಂದಿರಲು ಒಪ್ಪಿದ್ದಾಳಂತೆ. ಸಿಟಿ ಆಂಜಿಯೋ ಸೋಮವಾರ.